ಚಿಟ್ಟೆಯ ಗೂಡಿನಿಂದ ಹೊರಟ ನೊಣ

ಕಾರ್ಕಳದಲ್ಲಿರುವ ನನ್ನ ತಂಗಿಯ ಮಗಳು ಕಳೆದ ತಿಂಗಳು ಒಂದು ಭಾವಚಿತ್ರವನ್ನು ಕಳುಹಿಸಿ, “ಮಾವ, ಈ ಕಳ್ಳ ಯಾರೆಂದು ಹೇಳಿ. ಹೇಳಿದ ಮೇಲೆ ಇವನನ್ನು ಕೊಲ್ಲುತ್ತೇನೆ” ಎಂದು ಬರೆದಿದ್ದಳು. ಚಿತ್ರದಲ್ಲಿದ್ದುದು ಬೂದುಬಣ್ಣದ ಒಂದು ನೊಣ. ಊಟದೆಲೆಯ ಬಳಿ ಕುಳಿತಿದ್ದರೆ ಯಾರೂ ಎರಡನೆಯ ಸಲ ನೋಡದೆ ಕೈಬೀಸಿ ಓಡಿಸುವಂಥದು.

ಅವಳ ಕೋಪಕ್ಕೆ ಕಾರಣವಿತ್ತು. ರಜೆಯಲ್ಲಿ ಕಾಪುವಿಗೆ ಹೋಗಿದ್ದಾಗ, ದೀಪಸ್ತಂಭದ ದಾರಿಯ ಬದಿಯ ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಒಂದು ಮರಿಹುಳು ಅವಳಿಗೆ ದೊರೆತಿತ್ತು. ಮೈಮೇಲೆ ಮೂರು ಜೊತೆ ಕರಿಯ ಎಳೆಗಳುಳ್ಳ ಆ ಹುಳುವೇ ಮುಂದೆ ಕಿತ್ತಳೆಬಣ್ಣದ ಚಿಟ್ಟೆಯಾಗುವುದೆಂದು ಅವಳು ಬಲ್ಲಳು. ಉಪ್ಪಿನಕಾಯಿಯ ಗಾಜಿನ ಭರಣಿಯೊಂದನ್ನು ತೊಳೆದು, ಅದರಲ್ಲಿ ಹುಳುವನ್ನಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನವೂ ಎಳೆಯ ಎಕ್ಕದೆಲೆ ತಂದುಹಾಕಿ ಸಾಕಿದಳು. ಹುಳು ಗೂಡಾಯಿತು. ಹೊನ್ನಿನ ಚುಕ್ಕೆಗಳ ಹಸುರು ಗೂಡು ಬಟ್ಟೆಯಿಂದ ತೂಗಾಡುವುದನ್ನು ಮನೆಮಂದಿಯೆಲ್ಲ ಬಂದು ನೋಡಿದರು. ನಾಲ್ಕನೆಯ ದಿನ ಗೂಡಿನ ಮೇಲೆ ಕಂದು ಮಚ್ಚೆ ಮೂಡಿತು. ಮರುದಿನ, ಅಂಟಿನ ಎಳೆಯೊಂದನ್ನು ಹಿಡಿದು ಎರಡು ಬೆಳ್ಳನೆಯ ಹುಳುಗಳು ಕೆಳಗಿಳಿದುವು. ಚಿಟ್ಟೆ ಬರಲೇ ಇಲ್ಲ. ಇಳಿದ ಹುಳುಗಳು ತಳದ ಕಾಗದದಡಿ ಸೇರಿ, ಕಂದುಗೆಂಪಿನ ಪುಟ್ಟ ಪೀಪಾಯಿಗಳಂಥ ಕೋಶಗಳಾಗಿ, ಹನ್ನೆರಡು ದಿನಗಳ ಮೇಲೆ ನೊಣಗಳಾದುವು. ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ತುಂಬಿಕೊಂಡ ಈ ಮರಿಹುಳುವನ್ನು ಮುಟ್ಟಲು ಹಕ್ಕಿಗಳು ಅಂಜುತ್ತವೆ. ನೊಣಕ್ಕೆ ಆ ಅಂಜಿಕೆಯಿಲ್ಲ.

ಚಿತ್ರ ತೋರಿಸಿದರೆ ಹೆಸರು ಹೇಳುವ ಮೊಬೈಲಿನ ಸೌಕರ್ಯವೊಂದು ಆ ಮೊದಲೇ ಅವಳಿಗೆ ಯುರೋಪಿನ ನೊಣವೊಂದರ ಹೆಸರನ್ನು ಒದಗಿಸಿತ್ತಂತೆ. ಅಷ್ಟು ಚುರುಕು ನನ್ನಲ್ಲಿಲ್ಲ. ಚಿತ್ರ ಮೇಲಿನಿಂದ ತೆಗೆದದ್ದು. ಬೆನ್ನಿನ ಕಪ್ಪು ಪಟ್ಟೆಗಳಷ್ಟೇ ಸ್ಪಷ್ಟವಾಗಿದ್ದುವು. ಪಟ್ಟೆಗಳನ್ನು ಎಣಿಸಿ ತೀರ್ಪು ಕೊಡುವವನು ಮೋಸಹೋಗುತ್ತಾನೆ. ನಮ್ಮ ಅಡಿಗೆಮನೆಯ ನೊಣಕ್ಕೂ ಬೆನ್ನಿನಲ್ಲಿ ನಾಲ್ಕು ಪಟ್ಟೆಗಳಿವೆ, ರೇಷ್ಮೆಹುಳುವನ್ನು ಕೊಲ್ಲುವ ಊಜಿ ನೊಣಕ್ಕೂ ನಾಲ್ಕು. ಮಾಂಸದ ಮೇಲೆ ಮುತ್ತುವ ಬೂದು ನೊಣಕ್ಕೆ ಮೂರು ಪಟ್ಟೆ, ಹೊಟ್ಟೆಯ ಮೇಲೆ ಪಗಡೆಯ ಹಾಸಿನಂಥ ಚೌಕಳಿ. ಆದರೆ ಬೆಳಕು ಓರೆಯಾದಂತೆ ಆ ಚೌಕಳಿಯೂ ಜಾಗ ಬದಲಿಸುತ್ತದೆ. ಆದ್ದರಿಂದ, “ಪಕ್ಕದಿಂದ ಇನ್ನೊಂದು ಚಿತ್ರ ಬೇಕು. ಅಲ್ಲಿಯವರೆಗೆ ಕೊಲ್ಲಬೇಡ” ಎಂದು ಉತ್ತರಿಸಿದೆ.

ಪಕ್ಕದಿಂದಲೇ ಏಕೆ? ನೊಣದ ಎದೆಭಾಗದ ಹಿಂತುದಿಯಲ್ಲಿ, ರೆಕ್ಕೆಗಳ ಬುಡದ ನಡುವೆ, ಗುರಾಣಿಯಂಥ ಒಂದು ಸಣ್ಣ ತಟ್ಟೆಯಿದೆ. ಅದರ ಕೆಳಗೆ, ನೆರಳಿನಲ್ಲಿ ಅಡಗಿದಂತೆ, ದುಂಡಗಿನ ಇನ್ನೊಂದು ಉಬ್ಬು ಎದ್ದು ಕಂಡರೆ ಅದು ಟಾಕಿನಿಡ್ ಎಂಬ ಪರೋಪಜೀವಿ ನೊಣಗಳ ಮನೆತನಕ್ಕೆ ಸೇರಿದುದೆಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಮಾಂಸದ ನೊಣಕ್ಕಾಗಲಿ ಮನೆಯ ನೊಣಕ್ಕಾಗಲಿ ಆ ಉಬ್ಬಿಲ್ಲ. ಹೊಟ್ಟೆಯ ಮೇಲೆ ಮುಳ್ಳಿನಂತೆ ನೆಟ್ಟಗೆ ನಿಂತ ಬಿರುಗೂದಲುಗಳು ಇನ್ನೊಂದು ಗುರುತು. ಆದರೆ ಈಗಿನ ಮೊಬೈಲುಗಳು ಚಿತ್ರವನ್ನು ಚೆಂದಗಾಣಿಸಲು ಕೂದಲುಗಳನ್ನು ಒಮ್ಮೆ ಅಳಿಸುತ್ತವೆ, ಒಮ್ಮೆ ಇಲ್ಲದಷ್ಟು ತೀಡುತ್ತವೆ. ಕೂದಲಿನ ಸಾಕ್ಷ್ಯವನ್ನು ಅಳುಕುತ್ತಲೇ ಒಪ್ಪಬೇಕು.

ಹುಡುಗಿ ಹಟವಾದಿ. ಬೆಳಗಿನ ತಂಪಿನಲ್ಲಿ ನೊಣ ಜಡವಾಗಿದ್ದಾಗ ಎಂಟು ಚಿತ್ರಗಳನ್ನು ತೆಗೆದಳು. ಆರನೆಯದರಲ್ಲಿ ಆ ಉಬ್ಬು ಕಾಣಿಸಿತು.

ಅದನ್ನು ಹಿಡಿದುಕೊಂಡು ಉಡುಪಿಯಿಂದ ಮಣಿಪಾಲದ ಗುಡ್ಡ ಹತ್ತಿದೆ. ಅಲ್ಲಿರುವ ನನ್ನ ಮಿತ್ರರು ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು; ನಮಗೆಲ್ಲ ಅವರು ಮಾಷ್ಟ್ರು. ಚಿತ್ರವನ್ನು ನೋಡುವುದಕ್ಕೂ ಮುನ್ನ, “ಹುಳು ಇಳಿಯುವಾಗ ಗೂಡು ಕೊಳೆತು ನಾರುತ್ತಿತ್ತೇ?” ಎಂದು ಕೇಳಿದರು. ಮರಿಹುಳು ಬೇರೇನೋ ಕಾರಣದಿಂದ ಸತ್ತರೆ ಮಾಂಸದ ನೊಣ ಬಂದು ಹೆಣದಲ್ಲಿ ಸಂಸಾರ ಹೂಡುತ್ತದೆ. ಸಾಕಿದವರು ಅದನ್ನೇ ಕೊಲೆಗಾರನೆಂದು ಬಗೆಯುತ್ತಾರೆ. ನಾರುತ್ತಿರಲಿಲ್ಲ, ಬಾಯಿಗೆ ಬಟ್ಟೆಯೂ ಕಟ್ಟಿತ್ತು ಎಂದೆ. ಅವರು ತಲೆದೂಗಿ ಮುಂದಿನ ಪ್ರಶ್ನೆ ಕೇಳಿದರು: ಮರಿಹುಳುವಿನ ಚರ್ಮದ ಮೇಲೆ ಬಿಳಿಯ ಚುಕ್ಕೆಯಿತ್ತೇ? ಅದೂ ಇರಲಿಲ್ಲ.

ಈ ಮನೆತನದಲ್ಲಿ ಇದುವರೆಗೆ ಎಂಟು ಸಾವಿರಕ್ಕೂ ಮಿಕ್ಕಿ ಜಾತಿಗಳು ವರ್ಣಿತವಾಗಿವೆ. ಕೆಲವು ಮರಿಹುಳುವಿನ ಚರ್ಮದ ಮೇಲೆಯೇ ಬಿಳಿಯ ಮೊಟ್ಟೆ ಅಂಟಿಸುತ್ತವೆ. ಇನ್ನು ಕೆಲವು ಕಣ್ಣಿಗೆ ಕಾಣದಷ್ಟು ಕಿರಿಯ ಮೊಟ್ಟೆಗಳನ್ನು ಎಲೆಯ ಮೇಲೆ ಚೆಲ್ಲಿ ಹೋಗುತ್ತವೆ. ಮರಿಹುಳು ಎಲೆಯೊಡನೆ ಅದನ್ನು ನುಂಗುತ್ತದೆ, ಮೊಟ್ಟೆ ಹೊಟ್ಟೆಯಲ್ಲಿ ಒಡೆಯುತ್ತದೆ. ಇದನ್ನು ಕೇಳಿ ನಾನು ಸುಮ್ಮನಾದೆ. ದಿನವೂ ಎಲೆ ತಂದುಹಾಕಿದವಳು ಅವಳೇ ಅಲ್ಲವೆ?

ಹೇಳಲೋ ಬೇಡವೋ ಎಂದು ಎರಡು ದಿನ ತಡೆದೆ. ಕೊನೆಗೆ ಹೇಳಿದೆ. ಕಾಪುವಿನ ಗಿಡದಲ್ಲಿದ್ದಾಗಲೇ ಅದು ಮೊಟ್ಟೆಯನ್ನು ನುಂಗಿರಬಹುದು; ಚರ್ಮದ ಮೇಲಿನ ಚುಕ್ಕೆಯನ್ನು ಪೊರೆಯೊಡನೆ ಕಳಚಿರಲೂಬಹುದು ಎಂದು ಮಾಷ್ಟ್ರು ಅಂದುದನ್ನೂ ಸೇರಿಸಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಾಗಾದರೆ ಇನ್ನು ಎಲೆಯನ್ನು ತೊಳೆದು ಹಾಕುತ್ತೇನೆ” ಎಂದಳು.

ಕೊಲ್ಲುವ ಮಾತು ಉಳಿದಿತ್ತು. ಊಜಿ ನೊಣದ ಕಥೆ ನಮ್ಮ ರೇಷ್ಮೆ ಬೆಳೆಗಾರರಿಗೆ ಗೊತ್ತಿದೆ. ಬಂಗಾಳದಿಂದ ಬಂದ ರೇಷ್ಮೆಗೂಡುಗಳ ಜೊತೆ 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಅದು ಹುಳುಮನೆಗಳಿಗೆ ಪೀಡೆಯಾಯಿತು. ಅದರ ಕೋಶಗಳನ್ನು ಕೊರೆಯುವ ನೆಸೊಲಿಂಕ್ಸ್ ಎಂಬ ಕಿರುಕಣಜವನ್ನು ಸಾಕಿ ಬಿಡಬೇಕಾಯಿತು. ಅದೇ ಮನೆತನದ ಇನ್ನೊಂದು ನೊಣವನ್ನು 1925ರಲ್ಲಿ ಮಲಯದಿಂದ ಹಡಗಿನಲ್ಲಿ ಫಿಜಿ ದ್ವೀಪಗಳಿಗೆ ಒಯ್ದರು; ತೆಂಗನ್ನು ಬೋಳಾಗಿಸುತ್ತಿದ್ದ ಪತಂಗವೊಂದು ಕೆಲವೇ ವರ್ಷಗಳಲ್ಲಿ ಕಾಣದಾಯಿತು. ಆ ಪತಂಗದ ಕುಲವನ್ನೇ ಅಳಿಸಿದ್ದು ಸರಿಯೇ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನಮ್ಮ ತೆಂಗಿನ ಗರಿಯನ್ನು ಕೆರೆದು ತಿನ್ನುವ ಕಪ್ಪುತಲೆಯ ಹುಳುವಿನೊಳಗೂ ಈ ಮನೆತನದ ನೊಣವೊಂದು ಬೆಳೆಯುತ್ತದೆ. ಚಿಟ್ಟೆಗೆ ಮೃತ್ಯುವಾದುದರ ದಾಯಾದಿ ತೆಂಗಿಗೆ ಕಾವಲುಗಾರ.

ಇಷ್ಟಾದರೂ ಅವಳ ನೊಣದ ಪೂರ್ಣನಾಮ ದೊರೆಯಲಿಲ್ಲ. ಗಂಡುನೊಣದ ಬಾಲತುದಿಯ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಜಾತಿಯನ್ನು ಹೇಳುವುದಿಲ್ಲವೆಂದು ಮಾಷ್ಟ್ರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಯಾವ ಭಾವಚಿತ್ರವೂ ಅಲ್ಲಿಗೆ ಇಣುಕದು. ಅವಳ ಚೀಟಿಯಲ್ಲಿ ಮನೆತನದ ಹೆಸರು ಮಾತ್ರ ಇದೆ. ಮುಂದಿನ ಜಾಗ ಖಾಲಿ.

ನನಗೆ ನೊಣದ ಚಿತ್ರಗಳನ್ನು ಕಳುಹಿಸುವ ವಾಚಕರು ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ ಒಂದೊಂದು ತೆಗೆಯಲಿ. ಆಗತಾನೆ ಕೋಶದಿಂದ ಬಂದ ನೊಣ ಪೇಲವವಾಗಿರುತ್ತದೆ; ಬಣ್ಣ ಬಲಿಯಲು ಕೆಲವು ಗಂಟೆ ಬಿಡಿ. ದಿನಾಂಕ, ಊರು, ಗಿಡ, ಯಾವ ಹುಳುವಿನಿಂದ ಬಂತೆಂಬುದು, ಇವನ್ನು ಬರೆದಿಡಿ. ಖಾಲಿ ಕೋಶವನ್ನೂ ಬಿಸಾಡಬೇಡಿ.

ಎರಡು ನೊಣಗಳಲ್ಲಿ ಒಂದು ತಾನಾಗಿಯೇ ಸತ್ತು ಮಾಷ್ಟ್ರ ಪೆಟ್ಟಿಗೆ ಸೇರಿತು, ಅದು ಹೆಣ್ಣು. ಇನ್ನೊಂದನ್ನು ಹುಡುಗಿ ಕಿಟಕಿಯಿಂದ ಹೊರಗೆ ಬಿಟ್ಟಳಂತೆ. ಭರಣಿಯಲ್ಲಿ ಈಗ ಕಾಪುವಿನಿಂದ ತಂದ ಹೊಸ ಮರಿಹುಳು ಇದೆ. ಅದರ ಕುತ್ತಿಗೆಯ ಬಳಿ ಒಂದು ಬಿಳಿಯ ಚುಕ್ಕೆ ಕಂಡಂತಾಗುತ್ತಿದೆಯೆಂದು ನಿನ್ನೆ ಬರೆದಿದ್ದಾಳೆ.