ಬಂದು ಹೋಗುವ ಎದೆನೋವನ್ನು ಕಡೆಗಣಿಸಬೇಡಿ

‘ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ ಡಾಕ್ಟ್ರೇ, ಎರಡು ನಿಮಿಷ ಕೂತರೆ ಸರಿಹೋಗುತ್ತದೆ. ಗ್ಯಾಸ್ ಇರಬೇಕು.’ ಈ ಮಾತು ಕೇಳದ ವಾರವೇ ನನಗಿಲ್ಲ. ಸೋಡಾ, ಜೀರಿಗೆ ಕಷಾಯ, ಅಂಗಡಿಯ ಗ್ಯಾಸ್ ಮಾತ್ರೆ ಎಲ್ಲ ಮುಗಿದ ಮೇಲೆ ವೈದ್ಯರ ನೆನಪಾಗುತ್ತದೆ. ನೋವು ಹೋಯಿತೆಂದರೆ ತೊಂದರೆಯೂ ಹೋಯಿತೆಂದು ತಿಳಿಯುವುದು ತಪ್ಪು.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಕರೋನರಿ ನಾಳಗಳು ಕೊಬ್ಬು ಕಟ್ಟಿ ಕಿರಿದಾದಾಗ, ವಿಶ್ರಾಂತಿಯಲ್ಲಿ ಸಾಲುವ ರಕ್ತ ಶ್ರಮದ ವೇಳೆ ಸಾಲುವುದಿಲ್ಲ. ಆಗ ಬರುವ ನೋವೇ ಆಂಜೈನಾ. ರಕ್ತ ಪೂರ್ತಿ ನಿಂತರೆ ಸುಮಾರು 20 ನಿಮಿಷಗಳ ನಂತರ ಸ್ನಾಯು ಸಾಯತೊಡಗುತ್ತದೆ; ಅದು ಹೃದಯಾಘಾತ. ಅದಕ್ಕೆ ಮೊದಲೇ ರಕ್ತ ಮರಳಿದರೆ ಸ್ನಾಯು ಉಳಿಯುತ್ತದೆ. ಆದರೆ ಕೂಡಲೇ ಮೊದಲಿನಂತೆ ದುಡಿಯದೆ, ಪೆಟ್ಟು ತಿಂದವರಂತೆ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಮಂಕಾಗಿರುತ್ತದೆ. ಬ್ರಾನ್‌ವಾಲ್ಡ್ ಮತ್ತು ಕ್ಲೋನರ್ ಎಂಬ ವೈದ್ಯರು 1982ರಲ್ಲಿ ಇದನ್ನು ‘ಸ್ಟನ್ಡ್ ಮಯೋಕಾರ್ಡಿಯಂ’ ಎಂದು ಕರೆದರು.

ಚೇತರಿಸಿಕೊಳ್ಳುವ ಮೊದಲೇ ಮತ್ತೆ ಮತ್ತೆ ರಕ್ತ ಕಡಿಮೆಯಾದರೆ? ಬೇಸಿಗೆಯಲ್ಲಿ ಕೆಸರಿನೊಳಗೆ ಅಡಗುವ ಕಪ್ಪೆಯಂತೆ ಸ್ನಾಯು ತನ್ನ ಕೆಲಸವನ್ನೇ ತಗ್ಗಿಸಿಕೊಂಡು ಜೀವ ಹಿಡಿದಿರುತ್ತದೆ. ಹೃದಯದ ಪಂಪು ದುರ್ಬಲವಾಗಿ, ನಡೆದರೆ ಏದುಸಿರು, ಸಂಜೆಗೆ ಕಾಲೂತ ಶುರುವಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಈ ಸ್ನಾಯು ಸತ್ತಿಲ್ಲ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಹಲವರಲ್ಲಿ ಇದು ಮತ್ತೆ ಚುರುಕಾಗುತ್ತದೆ. ತಡಮಾಡಿದಷ್ಟೂ ಆ ಅವಕಾಶ ಕಡಿಮೆ.

‘ಸಣ್ಣ ಸಣ್ಣ ನೋವು ಬಂದರೆ ಹೃದಯ ಗಟ್ಟಿಯಾಗುತ್ತದಂತೆ’ ಎಂದು ಓದಿ ಬಂದವರೂ ಇದ್ದಾರೆ. ಇದರಲ್ಲಿ ಅರ್ಧ ಸತ್ಯವಿದೆ. 1986ರಲ್ಲಿ ಅಮೆರಿಕದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಮೊದಲು ನಾಲ್ಕು ಬಾರಿ ಐದೈದು ನಿಮಿಷ ರಕ್ತ ತಡೆದು, ಆಮೇಲೆ 40 ನಿಮಿಷ ತಡೆದಾಗ ಸ್ನಾಯುವಿಗಾದ ಹಾನಿ ಸುಮಾರು ಕಾಲು ಭಾಗಕ್ಕೆ ಇಳಿದಿತ್ತು. ಆದರೆ ಮೂರು ಗಂಟೆ ತಡೆದಾಗ ಈ ರಕ್ಷಣೆ ಉಳಿಯಲಿಲ್ಲ. ಮೇಲಾಗಿ ಇದರ ಪರಿಣಾಮ ಕೆಲವು ಗಂಟೆ ಅಥವಾ ಕೆಲವು ದಿನಗಳದ್ದು ಮಾತ್ರ. ಇದನ್ನು ನಂಬಿ ಮನೆಯಲ್ಲಿ ಕೂರುವುದು ಜಾಣತನವಲ್ಲ.

ಶ್ರಮಪಟ್ಟಾಗ ಬಂದು ವಿಶ್ರಾಂತಿಯಿಂದ ಇಳಿಯುವ ನೋವು ಎದೆ, ಎಡಗೈ, ದವಡೆ, ಹೊಟ್ಟೆಯ ಮೇಲ್ಭಾಗ ಎಲ್ಲೇ ಇರಲಿ, ವೈದ್ಯರಿಗೆ ತೋರಿಸಿ. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಿದ್ದರೂ ನಿಶ್ಚಿಂತರಾಗಬೇಡಿ, ಎಕೋ, ಟ್ರೆಡ್‌ಮಿಲ್ ಪರೀಕ್ಷೆ ಬೇಕಾಗಬಹುದು. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದೆ ಬರೀ ಏದುಸಿರು, ಸುಸ್ತು ಕಾಣಬಹುದು. ಬೀಡಿ ಸಿಗರೇಟು ಬಿಡಿ. ರಕ್ತದೊತ್ತಡ, ಸಕ್ಕರೆಯ ಮಾತ್ರೆಗಳನ್ನು ತಪ್ಪಿಸಬೇಡಿ. ವಿಶ್ರಾಂತಿ ಪಡೆದರೂ ನೋವು ಕೆಲವೇ ನಿಮಿಷಗಳಲ್ಲಿ ಇಳಿಯದಿದ್ದರೆ, ಅಥವಾ ಕೂತಲ್ಲೇ ಬಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಗ್ಯಾಸ್ ಹೌದೋ ಅಲ್ಲವೋ ಎಂಬುದನ್ನು ಪರೀಕ್ಷೆ ತೀರ್ಮಾನಿಸಲಿ, ಸೋಡಾ ಅಲ್ಲ.