ಸಿಟಿ ಕಾವಿಗೆ ನಮ್ಮ ಹೊಲ ಸುಂಕ ಕಟ್ಟಬೇಕಾ?

ಇವತ್ತಿನದು ಸ್ವಲ್ಪ ಉದ್ದ ಐತೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ, ಬೈಯೋದಿದ್ದರೆ ಓದಿದ ಮೇಲೆ ಬೈಯಿರಿ.

ಏಪ್ರಿಲ್ ಬಂದರೆ ಟಿವಿಯವರದು ಒಂದೇ ಹಾಡು, ಬೆಂಗಳೂರು ಬೇಯ್ತಾ ಐತೆ ಅಂತ. ಸುಳ್ಳಲ್ಲ. 2016ರ ಏಪ್ರಿಲಲ್ಲಿ 39.2 ಡಿಗ್ರಿ ಮುಟ್ಟಿ ದಾಖಲೆ ಆಯ್ತು, 2024ರ ಏಪ್ರಿಲಲ್ಲೂ 38 ದಾಟಿತು. ಒಂದು ಮಳೆ ಬಿದ್ದರೆ ಎಲ್ಲಾ ಮರೆತು ಹೋಗುತ್ತೆ. ಆ ಸುದ್ದಿಯಲ್ಲಿ ಸಿಟಿ ಸುತ್ತ ಹೊಲ, ತೋಟ, ಹುಳದ ಮನೆ ಇದ್ದಾವೆ ಅನ್ನೋ ಮಾತೇ ಬರಲ್ಲ. ನಮ್ಮವರು ಇನ್ನೊಂದು ಥರ. "ಅದು ಸಿಟಿಯೋರ ಕರ್ಮ, ನಮಗೇನು" ಅಂತ ಚಾನೆಲ್ ಬದಲಾಯಿಸ್ತಾರೆ. ನನ್ನ ಪ್ರಕಾರ ಇಬ್ಬರದೂ ತಪ್ಪು.

ಮೊದಲು ಕಾವಿನ ವಿಚಾರ. ಬಂಡೆ ಮೇಲೆ ಹುಣಸೆಹಣ್ಣು ಒಣಗಿಸಿದವರಿಗೆ ಇದನ್ನ ಯಾವ ವಿಜ್ಞಾನಿಯೂ ಹೇಳಿಕೊಡಬೇಕಿಲ್ಲ. ಹೊತ್ತು ಮುಳುಗಿದ ಮೇಲೂ ಬಂಡೆ ಬೆಚ್ಚಗಿರುತ್ತೆ, ಪಕ್ಕದಲ್ಲೇ ನೀರು ಹಾಯಿಸಿದ ಪಾತಿ ತಣ್ಣಗಿರುತ್ತೆ. ಒದ್ದೆ ಮಣ್ಣಿನಿಂದ, ಎಲೆಯಿಂದ ನೀರು ಆವಿಯಾಗಿ ಹೋಗ್ತಾ ಬಿಸಿಲಿನ ಕಾವನ್ನೇ ತಗೊಂಡು ಹೋಗುತ್ತೆ. ಬಂಡೆಯಲ್ಲಿ ಆವಿಯಾಗೋಕೆ ನೀರೇ ಇಲ್ಲ. ಅದು ಹಗಲೆಲ್ಲಾ ಕಾವು ಕುಡಿದು ರಾತ್ರಿಯೆಲ್ಲಾ ಉಗುಳುತ್ತೆ. ಕಾಂಕ್ರೀಟು, ಡಾಂಬರು ಅಂದರೆ ನೂರಾರು ಚದರ ಕಿಲೋಮೀಟರ್ ಹಾಸಿದ ಬಂಡೆ. ಅದರ ಮೇಲೆ ವಾಹನದ ಬಿಸಿ, ಒಳಗಿನ ಕಾವು ತೆಗೆದು ಬೀದಿಗೆ ಎಸೆಯೋ ಎಸಿಗಳ ಬಿಸಿ. ಅದಕ್ಕೇ ಸಿಟಿಯ ಕಾವು ಹಗಲಿಗಿಂತ ರಾತ್ರಿ ಜಾಸ್ತಿ ಗೊತ್ತಾಗೋದು.

ಬೆಂಗಳೂರಿನ ವಿಜ್ಞಾನ ಸಂಸ್ಥೆ, ಅದೇ ಟಾಟಾ ಇನ್ಸ್‌ಟಿಟ್ಯೂಟ್, ಅಲ್ಲಿನವರು ಉಪಗ್ರಹದ ಚಿತ್ರ ಇಟ್ಟು ಲೆಕ್ಕ ಹಾಕಿದ್ದಾರೆ. 1973ರಲ್ಲಿ ನಗರದ ನೂರು ಭಾಗದಲ್ಲಿ ಸುಮಾರು 8 ಭಾಗ ಮಾತ್ರ ಕಟ್ಟಡ, ರಸ್ತೆ. ಹಸಿರು ಸುಮಾರು 68 ಭಾಗ. ಈಗ ಆ ಲೆಕ್ಕ ಪೂರ್ತಿ ತಿರುಗಿ ಬಿದ್ದೈತೆ. ಕೆರೆಗಳ ಕಥೆ ನಿಮಗೇ ಗೊತ್ತು. ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನ ದೇಶವೇ ನೋಡಿತು.

"ಆ ಕಾವು ನಮ್ಮೂರ ತನಕ ಬರುತ್ತಾ" ಅಂತ ಕೇಳ್ತೀರಿ. ಕಾವು ಬರಬೇಕಿಲ್ಲ ಸ್ವಾಮಿ, ಸಿಟಿನೇ ಬರ್ತಾ ಐತೆ. ಹೊಲದ ಪಕ್ಕ ಲೇಔಟು, ಅದರಾಚೆ ಗೋಡೌನು, ಅದರಾಚೆ ಆರು ಪಥದ ರಸ್ತೆ. ಹುಳದ ಮನೆಗೆ 24ರಿಂದ 28 ಡಿಗ್ರಿ ಬೇಕು, ತೇವ ಬೇಕು. ರಾತ್ರಿ ತಣ್ಣಗಾಗದೇ ಹೋದರೆ ಗೋಣಿಚೀಲ ಒದ್ದೆ ಮಾಡಿ ಎಷ್ಟು ದಿನ ಹುಳ ಉಳಿಸ್ತೀರಿ? ಟೊಮೆಟೊಗೂ ಅಷ್ಟೇ, ರಾತ್ರಿ ಸೆಕೆ ಜಾಸ್ತಿ ಆದರೆ ಹೂವು ಉದುರುತ್ತೆ, ಕಾಯಿ ಕಚ್ಚಲ್ಲ. ನಾವು ಬೀಜದ ಕಂಪನಿಯನ್ನ ಬೈತೀವಿ, ಔಷಧಿ ಅಂಗಡಿಗೆ ದುಡ್ಡು ಸುರೀತೀವಿ.

ಎರಡನೇದು ಧೂಳು. ಸಿಟಿ ಮೇಲಕ್ಕೆ ಎದ್ದಷ್ಟೂ ನಮ್ಮ ಗುಡ್ಡ ಕೆಳಕ್ಕೆ ಇಳೀತವೆ. ಜಲ್ಲಿ, ಎಂ-ಸ್ಯಾಂಡ್ ಎಲ್ಲಾ ನಮ್ಮ ಕಡೆಯಿಂದಲೇ ಹೋಗೋದು. ನಮ್ಮ ಹಿಪ್ಪುನೇರಳೆ ತೋಟದ ಬದು ಮೇಲೆ ಟಿಪ್ಪರ್ ದಾರಿ. ಟಾರ್ಪಾಲು ಮುಚ್ಚದೆ ಹೋಗ್ತಾವೆ. ಕೇಳಿದರೆ "ನಾಳೆಯಿಂದ ಮುಚ್ತೀವಿ" ಅಂತಾರೆ, ಆ ನಾಳೆ ಬಂದೇ ಇಲ್ಲ. ರಸ್ತೆ ಕಡೆಯ ನಾಲ್ಕು ಸಾಲಿನ ಸೊಪ್ಪು ಹುಳಕ್ಕೆ ಹಾಕೋ ಹಂಗಿಲ್ಲ. ಧೂಳು ಕೂತ ಎಲೆಗೆ ಬಿಸಿಲು ಸರಿಯಾಗಿ ತಾಕಲ್ಲ, ಉಸಿರಾಡೋ ಸಣ್ಣ ರಂಧ್ರ ಮುಚ್ಚಿಹೋಗುತ್ತೆ, ಬೆಳವಣಿಗೆ ಕುಂಟುತ್ತೆ. ಆ ಸೊಪ್ಪು ತಿಂದ ಹುಳ ಒಳ್ಳೆ ಗೂಡು ಕಟ್ಟಲ್ಲ. ಈ ನಾಲ್ಕು ಸಾಲಿನ ನಷ್ಟ ಯಾವ ಇಲಾಖೆಯ ಪುಸ್ತಕದಲ್ಲಿ ಬರೆದೈತೆ?

ಮೂರನೇದು ಕಣ್ಣಿಗೆ ಕಾಣದ್ದು, ಓಜೋನ್. ಆಕಾಶದಲ್ಲಿ ಎತ್ತರದಲ್ಲಿರೋ ಓಜೋನ್ ನಮ್ಮನ್ನ ಕಾಯುತ್ತೆ ಅಂತ ಸ್ಕೂಲಲ್ಲಿ ಓದಿದ್ವಿ. ನೆಲದ ಹತ್ತಿರ ಹುಟ್ಟೋ ಓಜೋನ್ ವಿಷ. ವಾಹನ, ಕಾರ್ಖಾನೆ ಹೊಗೆಯ ಅನಿಲಗಳು ಬಿಸಿಲಿಗೆ ಬೆಂದು ಅದಾಗುತ್ತೆ. ಇದರಲ್ಲಿ ಒಂದು ಅನ್ಯಾಯ ಐತೆ ನೋಡಿ. ಟ್ರಾಫಿಕ್ ನಡುವೆ ಹೊಸ ಹೊಗೆಯೇ ಓಜೋನನ್ನ ಸ್ವಲ್ಪ ತಿಂದು ಹಾಕುತ್ತೆ. ಗಾಳಿ ಊರಾಚೆ ಸಾಗುವಾಗ ಅದು ಬೆಳೆಯುತ್ತೆ. ಹಂಗಾಗಿ ಎಷ್ಟೋ ಸಲ ಸಿಟಿ ಮಧ್ಯಕ್ಕಿಂತ ಹೊರವಲಯದ ಹಳ್ಳಿಯಲ್ಲೇ ಓಜೋನ್ ಜಾಸ್ತಿ. ಎಲೆ ಒಳಗೆ ಹೋಗಿ ಗಿಡವನ್ನ ಬೇಗ ಮುಪ್ಪು ಮಾಡುತ್ತೆ. 2014ರಲ್ಲಿ ಪುಣೆಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಬೇರೆಯವರ ಜೊತೆ ಸೇರಿ ಒಂದು ಲೆಕ್ಕ ಕೊಟ್ಟರು. ಓಜೋನಿಂದ ದೇಶದಲ್ಲಿ ಒಂದು ವರ್ಷಕ್ಕೆ ಹಾಳಾಗೋ ಗೋಧಿ, ಅಕ್ಕಿ ಸುಮಾರು 9 ಕೋಟಿ 40 ಲಕ್ಷ ಬಡವರ ಹೊಟ್ಟೆ ತುಂಬಿಸೋವಷ್ಟಂತೆ. ಅದು ಯಾರ ಹೊಲದಲ್ಲಿ ಹಾಳಾಗಿದ್ದು? ಕಾರು ಓಡಿಸಿದವನ ಹೊಲದಲ್ಲಲ್ಲ.

ಮಳೆ ಬಗ್ಗೆ ನಮ್ಮವರಿಗೂ ಒಂದು ಮಾತು. "ಬೆಂಗಳೂರು ನಮ್ಮ ಮಳೆ ಕದೀತು" ಅಂತ ಅರಳಿಕಟ್ಟೆಯಲ್ಲಿ ಹೇಳೋದು ಸುಲಭ. ಮಳೆ ಅಷ್ಟು ಸಲೀಸಾಗಿ ಕದಿಯೋ ವಸ್ತು ಅಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1970ರ ದಶಕದಲ್ಲಿ ವರ್ಷಗಟ್ಟಲೆ ಅಳೆದು ನೋಡಿದಾಗ, ಊರು ದಾಟಿ ಗಾಳಿ ಸಾಗೋ ಕಡೆ ಬೇಸಿಗೆ ಮಳೆ ಜಾಸ್ತಿಯೇ ಆಗಿತ್ತು. ಕಾದ ನೆಲದ ಗಾಳಿ ಮೇಲೇರಿ ಮೋಡ ಕಟ್ಟುತ್ತೆ. ಅದೇ ಹೊಗೆಯ ಕಣ ಅತಿಯಾದರೆ ಮೋಡದ ಹನಿ ಸಣ್ಣದಾಗಿ, ಬೀಳಬೇಕಾದ ಮಳೆ ಬೀಳದೇ ಹೋಗೋದೂ ಉಂಟು. ಅಂದರೆ ಸಿಟಿ ಮಳೆಯ ಹದ ಕೆಡಿಸುತ್ತೆ, ಒಂದು ಕಡೆ ಸುರಿಸಿ ಇನ್ನೊಂದು ಕಡೆ ತಪ್ಪಿಸಬಹುದು. ಇರೋ ದೂರು ಬಿಟ್ಟು ಇಲ್ಲದ ದೂರು ಹೇಳಿದರೆ ಆಫೀಸರುಗಳು ನಕ್ಕು ಕಳಿಸ್ತಾರೆ.

ಈಗ ಸಿಟಿಯೋರು ಕೇಳೋ ಪ್ರಶ್ನೆ. "ಜಮೀನು ಮಾರಿದೋರು ನೀವೇ ಅಲ್ವಾ?" ಹೌದು, ಮಾರಿದ್ದಾರೆ. ಬೋರ್‌ವೆಲ್ ಸಾಲ ತಲೆ ಮೇಲಿದ್ದಾಗ, ಎಕರೆ ರಾಗಿಗೆ ಸಿಗೋದು ಸಾವಿರದ ಲೆಕ್ಕ, ಸೈಟಿಗೆ ಸಿಗೋದು ಕೋಟಿ ಲೆಕ್ಕ ಅಂದರೆ ಯಾರು ತಡೀತಾರೆ? ಈ ಹಸಿರು ಸಿಟಿಗೆ ತಂಪು ಕೊಡ್ತಾ ಐತೆ, ಅದಕ್ಕೆ ಒಂದು ಪೈಸೆ ಬೆಲೆ ಕಟ್ಟಿದ್ದಾರಾ? "ನೀವೂ ಕಸ ಸುಡ್ತೀರಲ್ಲ" ಅಂತಾರೆ. ಟೊಮೆಟೊ ಕಿತ್ತ ಮೇಲೆ ಮಲ್ಚಿಂಗ್ ಶೀಟ್ ಸುಡೋರು ನಮ್ಮಲ್ಲಿ ಇದ್ದಾರೆ. ಅದು ನಿಲ್ಲಬೇಕು, ಅದನ್ನ ಇಟ್ಟುಕೊಂಡು ನಾವು ಬಾಯಿ ಮಾಡೋಕಾಗಲ್ಲ. ಆದರೆ ಒಂದು ಬೆಂಕಿಯನ್ನ ತೋರಿಸಿ ವರ್ಷವಿಡೀ ಉರಿಯೋ ಇಂಜಿನ್‌ಗಳನ್ನ ಮರೆಮಾಚೋದು ನ್ಯಾಯ ಅಲ್ಲ. 2017ರಲ್ಲಿ ನೀಲಗಿರಿ ನೆಡಬೇಡಿ ಅಂತ ಸರ್ಕಾರ ಆದೇಶ ಮಾಡಿತು, ಅಂತರ್ಜಲ ಹೋಗುತ್ತೆ ಅಂತ. ಒಪ್ಪೋಣ. ಕಾಂಕ್ರೀಟಿಗೆ ಅಂಥ ಒಂದು ಆದೇಶ ಯಾಕಿಲ್ಲ?

ಕೇಂದ್ರ ಸರ್ಕಾರ 2019ರಲ್ಲಿ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ನಮ್ಮ ರಾಜ್ಯದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಎಲ್ಲವೂ ನಗರವೇ. ಹಳ್ಳಿಯೋರು ಉಸಿರಾಡೋದು ಬೇರೆ ಗಾಳಿನಾ? ಪಂಚಾಯ್ತಿ ಮಟ್ಟದಲ್ಲಿ ಮಳೆ ಅಳೆಯೋ ಯಂತ್ರ ಇದ್ದಾವೆ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇದ್ದಾವೆ. ಗಾಳಿಯ ಕೊಳೆ ಅಳೆಯೋಕೆ ಮಾತ್ರ ಹಳ್ಳಿ ಲೆಕ್ಕಕ್ಕಿಲ್ಲ. ಅಳೆಯದಿದ್ದರೆ ನಷ್ಟ ಇಲ್ಲ, ನಷ್ಟ ಇಲ್ಲದಿದ್ದರೆ ಪರಿಹಾರ ಇಲ್ಲ. ಇಷ್ಟೇ ಅವರ ಗಣಿತ.

ಹೋರಾಡಿದರೆ ಆಗಲ್ಲ ಅನ್ನಬೇಡಿ. ಮಂಡೂರಿನವರು ನಿಂತರು, 2014ರ ಕೊನೆಗೆ ಸಿಟಿಯ ಕಸದ ಲಾರಿ ನಿಂತವು. 2018ರಲ್ಲಿ ಕೆ.ಸಿ. ವ್ಯಾಲಿ ನೀರಲ್ಲಿ ನೊರೆ ಬಂದಾಗ ಕೋಲಾರದವರು ಹೈಕೋರ್ಟ್ ತನಕ ಹೋದರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆ ಬಿಡಲ್ಲ ಅಂತ ಮೂರು ವರ್ಷಕ್ಕೂ ಮೇಲೆ ಕೂತರು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡ್ತೀವಿ ಅಂತ ಹೇಳಬೇಕಾಯ್ತು. ಕಸಕ್ಕೆ, ನೀರಿಗೆ, ನೆಲಕ್ಕೆ ದನಿ ಎತ್ತಿದೋರು ಗಾಳಿಗೆ ಯಾಕೆ ಸುಮ್ಮನಿದ್ದೀವಿ?

ಮುಂದಿನ ಗ್ರಾಮಸಭೆಯಲ್ಲಿ ಮೂರು ವಿಷಯ ಬರೆಸಿ. ಒಂದು, ಹೋಬಳಿ ಹವಾಮಾನ ಕೇಂದ್ರದ ಜೊತೆ ಧೂಳು, ಓಜೋನ್ ಅಳೆಯೋ ಯಂತ್ರ ಬೇಕು. ಎರಡು, ಟಾರ್ಪಾಲಿಲ್ಲದ ಟಿಪ್ಪರ್ ಊರೊಳಗೆ ಬರಬಾರದು, ಕ್ರಷರ್ ದಾರಿಗೆ ದಿನಾ ನೀರು ಹೊಡೆಯಬೇಕು, ಸೊಪ್ಪಿನ ನಷ್ಟ ಕಟ್ಟಿಕೊಡಬೇಕು. ಮೂರು, ಕೆರೆ, ರಾಜಕಾಲುವೆ, ಗುಂಡುತೋಪು ಮುಟ್ಟೋ ಲೇಔಟಿಗೆ ಪಂಚಾಯ್ತಿ ಒಪ್ಪಿಗೆ ಕೊಡಬಾರದು. ಬಾಯಲ್ಲಿ ಹೇಳಿ ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತಗೊಳ್ಳಿ. ನಿಮ್ಮೂರಲ್ಲಿ ಬರೆಸಿದ್ದರೆ ಫೋಟೋ ಹಾಕಿ. ನಾಲ್ಕು ಪಂಚಾಯ್ತಿಯದು ಸೇರಿದರೆ ತಾಲ್ಲೂಕು ಆಫೀಸಿಗೆ ಒಟ್ಟಿಗೇ ಹೋಗೋಣ.