ಹಿಂಬದಿಯ ಫಾಗ್ ಲೈಟ್ ಎಲ್ಲ ಕಡೆ ಕಡ್ಡಾಯವಾಗಲಿ

ದಟ್ಟ ಮಂಜಿನಲ್ಲಿ ಮುಂದಿನ ಕಾರಿನ ಟೇಲ್ ಲೈಟ್ ತೀರಾ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಅದರ ಬಲ್ಬ್ ಸಾಮಾನ್ಯವಾಗಿ 5 ವ್ಯಾಟ್. ಹಿಂಬದಿಯ ಫಾಗ್ ಲೈಟಿನದು 21 ವ್ಯಾಟ್. ಬ್ರಿಟನ್ನಿನಲ್ಲಿ 1980ರ ಏಪ್ರಿಲ್ 1ರಿಂದ ರಸ್ತೆಗಿಳಿದ ಕಾರುಗಳಿಗೆ ಈ ದೀಪ ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯವಿಲ್ಲ, ಹಾಗಾಗಿ ಅಲ್ಲಿನ ಅನೇಕ ಕಾರುಗಳಲ್ಲಿ ಅದು ಇರುವುದೇ ಇಲ್ಲ. ಮಂಜು ಮಾತ್ರ ಎರಡೂ ಕಡೆ ಒಂದೇ.

ಕಾಮರ್ಸ್ ಓದುವ ನನಗೆ ಅನಿಸುವುದಿಷ್ಟು: ಉಳಿಸಬಹುದಾದ ಖರ್ಚನ್ನು ಕಂಪನಿ ಉಳಿಸಿಯೇ ಉಳಿಸುತ್ತದೆ. ಜೀವದ ವಿಷಯವನ್ನು ಮಾರುಕಟ್ಟೆಗೆ ಬಿಡಬಾರದು.

ಆದರೆ ದೀಪವೊಂದೇ ಸಾಲದು. ಮಂಜಿಲ್ಲದಾಗ ಅದು ಹಿಂದಿನವರ ಕಣ್ಣು ಕುಕ್ಕುತ್ತದೆ. ಬ್ರೇಕ್ ಲೈಟ್ ಹೊತ್ತಿದ್ದೂ ತಿಳಿಯದಂತೆ ಮಾಡುತ್ತದೆ. ಜರ್ಮನಿಯಲ್ಲಿ ಮಂಜಿನಿಂದ 50 ಮೀಟರ್ ದೂರವೂ ಕಾಣದಿದ್ದಾಗ ಮಾತ್ರ ಹಾಕಬಹುದು. ದೀಪದ ಜೊತೆ ಈ ನಿಯಮವೂ ಬರಲಿ. ಹಾಕಲು ಕಲಿತವರು ಆರಿಸಲೂ ಕಲಿಯಬೇಕು.